ಎಳೆದದ್ದನ್ನು ಅಳೆಯದೆ ಹೊಸ ಆಯಿಲ್ ಸುರಿಯಬೇಡ ಪುಟ್ಟ

ಪುಟ್ಟ, ನಮ್ಮ ಮನೆಯವರ ಗ್ರೂಪಲ್ಲಿ ನಿನ್ನ ಮೆಸೇಜ್ ಈಗ ನೋಡಿದೆ. ಪಂಪ್ ತರಿಸಿ, ಆಯಿಲ್ ಮಟ್ಟ ನೋಡೋ ಗುರುತಿನ ಕಡ್ಡಿ, ಅದೇ ಡಿಪ್‌ಸ್ಟಿಕ್, ಅದರ ತೂತಿನಿಂದ ಇಂಜಿನ್ ಆಯಿಲ್ ಎಳೆದೆ, 2.5 ಲೀಟರ್ ಮಾತ್ರ ಬಂತು, ಕಾರಿನ ಪುಸ್ತಕದಲ್ಲಿ 3 ಲೀಟರ್ ಮೇಲೆ ಅಂತಿದೆ, ಈಗ ಹೊಸ ಡಬ್ಬ ಪೂರ್ತಿ ಸುರಿದುಬಿಡಲಾ ಅಂತ ಕೇಳಿದ್ದೀಯ. ಬೇಡ. ಮೊದಲು ಆ ಡಬ್ಬ ಕೆಳಗಿಡು. ಪೂರ್ತಿ ಕೇಳಿಸಿಕೊಂಡು ಆಮೇಲೆ ಮುಟ್ಟು.

ನಮ್ಮ ಬಿಳಿ ಮಾರುತಿ ಝೆನ್ ಕಾರು ನಿಮಗೆಲ್ಲ ಗೊತ್ತೇ ಇದೆ. ಮಂಡ್ಯದ ಚಿಕ್ಕಮ್ಮನ ಮಗಳ ಮದುವೆ ವರ್ಷ. ದೂರ ಹೋಗಬೇಕು ಅಂತ ಹಿಂದಿನ ದಿನ ಒಂದು ಗ್ಯಾರೇಜಿನಲ್ಲಿ ಆಯಿಲ್ ಬದಲಾಯಿಸೋಕೆ ಬಿಟ್ಟಿದ್ದೆವು. ಯಾವ ಗ್ಯಾರೇಜು ಅನ್ನೋದು ಈಗ ಬೇಡ. ಅವನ ಹತ್ತಿರಾನೂ ಪೈಪ್ ಇಳಿಸಿ ಎಳೆಯೋ ಮಿಷನ್ ಇತ್ತು, ಕಾಲು ಗಂಟೇಲಿ ಆಯ್ತು ಮೇಡಂ ಅಂದ. ಎಷ್ಟು ಹೊರಗೆ ಬಂತು ಅಂತ ಅವನು ನೋಡಲೇ ಇಲ್ಲ. ಪೈಪು ತಳ ಮುಟ್ಟದೆ ಒಳಗೇ ಮಡಚಿಕೊಂಡಿತ್ತಂತೆ. ಹಳೇದು ಒಂದು ಲೀಟರಿಗಿಂತ ಜಾಸ್ತಿ ಇಂಜಿನ್ನಲ್ಲೇ ಉಳಿದಿದೆ. ಅದರ ಮೇಲೆ ಹೊಸದನ್ನು ಲೆಕ್ಕಕ್ಕೆ ಪೂರ್ತಿ ಸುರಿದು, ಬಾನೆಟ್ ಮುಚ್ಚಿ ಬೀಗದ ಕೈ ಕೊಟ್ಟುಬಿಟ್ಟ.

ಬೆಳಗ್ಗೆ ನಾನೇ ಓಡಿಸುತ್ತಿದ್ದೆ. ಪಕ್ಕದಲ್ಲಿ ನಿಮ್ಮ ಮಾವ, ಹಿಂದೆ ಅಜ್ಜಿ, ಅಜ್ಜಿಯ ತೊಡೆ ಮೇಲೆ ಹೂವಿನ ಬುಟ್ಟಿ. ಕೆಂಗೇರಿ ದಾಟಿದ ಮೇಲೆ ಸುಟ್ಟ ವಾಸನೆ ಶುರುವಾಯಿತು. ಮುಂದಿನ ಲಾರಿದು ಇರಬೇಕು ಅಂದರು ಮಾವ. ಬಿಡದಿ ಹತ್ತಿರ ಕನ್ನಡಿಯಲ್ಲಿ ನೋಡಿದರೆ ಹಿಂದೆಲ್ಲ ನೀಲಿ ಹೊಗೆ, ಬಸ್ಸಿನವನು ಕಿಟಕಿಯಿಂದ ಕೈ ಆಡಿಸುತ್ತಿದ್ದಾನೆ. ಪಕ್ಕಕ್ಕೆ ಹಾಕಿ, ಸ್ವಲ್ಪ ಹೊತ್ತು ಬಿಟ್ಟು ಡಿಪ್‌ಸ್ಟಿಕ್ ಎಳೆದೆ. ಮೇಲಿನ ಗುರುತು ದಾಟಿ ಎಲ್ಲೋ ಹೋಗಿದೆ ಆಯಿಲ್. ಬಣ್ಣವೂ ಬದಲಾಗಿದೆ, ಮಜ್ಜಿಗೆ ಕಡೆದ ಹಾಗೆ ನೊರೆ ನೊರೆ.

ಆಯಿಲ್ ಜಾಸ್ತಿಯಾದರೆ ಅದೇ ಆಗೋದು. ಇಂಜಿನ್ ಕೆಳಭಾಗದಲ್ಲಿ ತಿರುಗೋ ದಪ್ಪ ದಂಡ, ಅಂದರೆ ಕ್ರ್ಯಾಂಕ್‌ಶಾಫ್ಟ್, ಆಯಿಲ್‌ಗೆ ಬಡಿದು ನೊರೆ ಎಬ್ಬಿಸುತ್ತೆ. ಆ ನೊರೆ ತುಂಬ ಗಾಳಿ. ಆಯಿಲ್ ಪಂಪ್ ಗಾಳಿ ಎಳೆದುಕೊಂಡರೆ ಬೇರಿಂಗಿಗೆ ಸರಿಯಾಗಿ ಆಯಿಲ್ ಹೋಗಲ್ಲ. ಉಕ್ಕಿದ್ದು ಇಂಜಿನ್ ಒಳಗಿನ ಗಾಳಿ ಹೊರಹೋಗೋ ಬ್ರೀದರ್ ಪೈಪಿನಿಂದ ಏರ್ ಫಿಲ್ಟರ್ ಕಡೆ ಬಂದು ಪೆಟ್ರೋಲ್ ಜೊತೆ ಉರಿಯುತ್ತೆ, ಹೊಗೆ ಬರೋದು ಅದಕ್ಕೇ. ಕಮ್ಮಿಯಾದರೆ ಕೆಡುತ್ತೆ ಅಂತ ಎಲ್ಲರಿಗೂ ಗೊತ್ತು, ಜಾಸ್ತಿಯಾದರೂ ಕೆಡುತ್ತೆ ಅನ್ನೋದು ತುಂಬ ಜನಕ್ಕೆ ಗೊತ್ತಿಲ್ಲ. ಅದಕ್ಕೇ ಹೇಳೋದು, ಎಳೆದದ್ದನ್ನು ಅಳೆಯದೆ ಹೊಸದನ್ನು ಸುರಿಯಬೇಡ.

ಬಿಡದಿಯಲ್ಲಿ ಒಬ್ಬ ಮೆಕ್ಯಾನಿಕ್ ಸಿಕ್ಕ, ಪುಣ್ಯಾತ್ಮ. ಇಂಜಿನ್ ಆರೋ ತನಕ ಕಾದು, ಕೆಳಗಿನ ಬೋಲ್ಟ್ ಬಿಚ್ಚಿ, ಜಾಸ್ತಿ ಇದ್ದದ್ದನ್ನು ಬಕೆಟ್ಟಿಗೆ ಇಳಿಸಿದ. ಅಷ್ಟರಲ್ಲಿ ಮುಹೂರ್ತ ಮುಗಿದೇ ಹೋಗಿತ್ತು. ಕಳಶ ಹಿಡಿಯೋಳು ನಾನೇ ಅಂತ ಚಿಕ್ಕಮ್ಮ ತಿಂಗಳ ಮುಂಚೆಯೇ ಹೇಳಿದ್ದರು. ಬೇರೆಯವರು ಹಿಡಿದರು. ಊಟದ ಹೊತ್ತಿಗೆ ಹೋಗಿ ಸೇರಿದೆವು. ಬಾಗಿಲಲ್ಲೇ ಒಬ್ಬರು, ಬೆಂಗಳೂರಿನವರು ಊಟಕ್ಕೆ ಸರಿಯಾಗಿ ಬರ್ತಾರೆ ಅಂದರು. ಅಜ್ಜಿ ಬಿಸಿಲಲ್ಲಿ ರಸ್ತೆ ಪಕ್ಕ ಕೂತು ಬಂದಿದ್ದಾರೆ, ಒಂದು ಲೋಟ ನೀರು ಕೊಡೋಣ ಅಂತ ಯಾರಿಗೂ ಅನ್ನಿಸಲಿಲ್ಲ. ಆಲ್ಬಮ್‌ನಲ್ಲಿ ಧಾರೆ ಫೋಟೋ ಒಂದರಲ್ಲೂ ನಾವಿಲ್ಲ. ಇವತ್ತಿಗೂ ಯಾವ ಮದುವೆಗೆ ಹೊರಟರೂ, ಅತ್ತೆ, ಈ ಸಲ ಬೇಗ ಹೊರಡಿ ಅಂತೀರಿ. ಹಾಗೆ ಅನ್ನೋರು ಈ ಗ್ರೂಪಲ್ಲೇ ಇದ್ದೀರಿ. ನಾವು ಹೊರಟಿದ್ದು ಐದೂವರೆಗೆ. ಏನಾಯಿತು ಅಂತ ಒಬ್ಬರಾದರೂ ಕೇಳಬೇಕಿತ್ತು ಅಲ್ವಾ? ಗ್ಯಾರೇಜಿನವನ ತಪ್ಪಿಗೆ ಮಾತು ಕೇಳಿದ್ದು ನಾನು. ನನಗೆ ಆ ಬೇಜಾರು ಹೋಗಿಲ್ಲ.

ಇರಲಿ. ಪುಟ್ಟ, ನಿನ್ನ ವಿಷಯ ಬಿಟ್ಟೇ ಹೋಯಿತು ನೋಡು.

ಜ್ಯಾಕ್ ಮೇಲೆ ಕಾರು ನಿಲ್ಲಿಸಿ ಅದರ ಕೆಳಗೆ ನುಗ್ಗದೆ ಪಂಪ್ ತರಿಸಿದ್ದು ಒಳ್ಳೇದೇ ಮಾಡಿದೆ. ಜ್ಯಾಕ್ ಜಾರಿದರೆ ಮುಗೀತು. ಈಗ ಇಂಜಿನ್ ಮಾತ್ರ ಸ್ಟಾರ್ಟ್ ಮಾಡಬೇಡ, ಒಳಗೆ ಸಾಕಷ್ಟು ಆಯಿಲ್ ಇಲ್ಲ. ಬೆಚ್ಚಗೆ ಮಾಡಿಕೊಳ್ಳೋದು ಎಳೆಯೋಕೆ ಮುಂಚೆ, ಆಗ ತೆಳ್ಳಗಾಗಿ ಚೆನ್ನಾಗಿ ಬರುತ್ತೆ. ಪೈಪನ್ನು ಇನ್ನೊಂದು ಸಲ ಇಳಿಸು, ತಳ ಮುಟ್ಟಿದ ಮೇಲೆ ಒಂಚೂರು ಮೇಲೆತ್ತಿ, ತಿರುಗಿಸಿ ಎಳೆದು ನೋಡು. ಕಾರು ಸಮ ನೆಲದಲ್ಲಿದೆಯಾ? ನಿಮ್ಮ ಬೇಸ್‌ಮೆಂಟಿನ ಇಳಿಜಾರಲ್ಲಿದ್ದರೆ ಪೈಪಿಗೂ ಸಿಗಲ್ಲ, ಡಿಪ್‌ಸ್ಟಿಕ್ಕೂ ಸುಳ್ಳು ಹೇಳುತ್ತೆ. ಮತ್ತೆ, ಪುಸ್ತಕದ ಲೆಕ್ಕ ಆಯಿಲ್ ಫಿಲ್ಟರ್ ಸೇರಿಸಿಯೋ ಬಿಟ್ಟೋ ನೋಡು. ಫಿಲ್ಟರ್ ಇನ್ನೂ ಬಿಚ್ಚಿಲ್ಲ ಅಂದರೆ ಅದರೊಳಗೂ ಹಳೇದು ನಿಂತಿರುತ್ತೆ. ಪಂಪ್ ಇದೆ ಅಂತ ಫಿಲ್ಟರ್ ಬಿಡಬೇಡ, ಅದನ್ನೂ ಬದಲಾಯಿಸು.

ಒಟ್ಟು ಎಷ್ಟು ಹೊರಗೆ ಬಂತು ಅಂತ ಅಳೆದುಕೋ. ಅದಕ್ಕಿಂತ ಸ್ವಲ್ಪ ಕಮ್ಮಿ ಹಾಕು. ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ಒರೆಸಿ ನೋಡು, ಕೆಳಗಿನ ಗುರುತು ದಾಟಿದ ಮೇಲೆ ಒಂದೆರಡು ನಿಮಿಷ ಸ್ಟಾರ್ಟ್ ಮಾಡು. ಹೊಸ ಫಿಲ್ಟರ್ ತುಂಬಿಕೊಂಡು ಮಟ್ಟ ಇಳಿಯುತ್ತೆ. ಆರಿಸಿ, ಕಾದು, ಮತ್ತೆ ನೋಡಿ ಸ್ವಲ್ಪ ಸ್ವಲ್ಪವೇ ಸೇರಿಸು. ಮೇಲಿನ ಗುರುತು ಮುಟ್ಟಲೇಬೇಕು ಅಂತಿಲ್ಲ, ದಾಟಬಾರದು ಅಷ್ಟೇ. ದಾಟಿದರೆ ಅದೇ ಪಂಪಿನಿಂದ ವಾಪಸ್ ಎಳೆದುಬಿಡು. ಆ ಪಂಪಿನಿಂದ ಪೆಟ್ರೋಲ್ ಮಾತ್ರ ಯಾವತ್ತೂ ಎಳೆಯಬೇಡ, ಬೆಂಕಿ ಹತ್ತಬಹುದು.

ಹಳೇ ಆಯಿಲನ್ನು ಚರಂಡಿಗೆ ಚೆಲ್ಲಬೇಡ. ನಿಮ್ಮ ಕೆಂಗೇರಿ ಚರಂಡಿ ವೃಷಭಾವತಿಗೆ ಸೇರುತ್ತೆ, ಅದು ಹೋಗೋದು ಬಿಡದಿ ಪಕ್ಕದ ಬೈರಮಂಗಲ ಕೆರೆಗೆ. ಅಲ್ಲಿ ರೈತರು ಅದೇ ನೀರು ಹೊಲಕ್ಕೆ ಬಿಡ್ತಾರೆ. ಡಬ್ಬಕ್ಕೆ ತುಂಬಿ, ಹಳೇ ಆಯಿಲ್ ತಗೊಳ್ಳೋ ಗ್ಯಾರೇಜಿಗೆ ಕೊಡು. ಕೇಂದ್ರ ಸರ್ಕಾರದ 2016ರ ತ್ಯಾಜ್ಯ ನಿಯಮದಲ್ಲಿ ಅದನ್ನು ಅಪಾಯಕಾರಿ ತ್ಯಾಜ್ಯ ಅಂತಲೇ ಸೇರಿಸಿದ್ದಾರೆ.

ಡಿಪ್‌ಸ್ಟಿಕ್ ಫೋಟೋ ತೆಗೆದು ಇಲ್ಲೇ ಹಾಕು. ಎರಡೂ ಗುರುತು ಕಾಣಿಸೋ ಹಾಗಿರಲಿ.