ಐವತ್ತರವರೆಗೆ ಎಣಿಸುತ್ತಾಳೆ, ಆರು ಚಮಚ ತಾ ಅಂದರೆ ಗೊತ್ತಾಗಲ್ಲ. ಮನೆಯಲ್ಲಿ ಆಡಿಸೋ ಆಟ ಇದ್ದರೆ ಹೇಳಿ

ಪುಟ್ಟಿಅಮ್ಮ:
ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ನಾಲ್ಕು ವರ್ಷ ಎಂಟು ತಿಂಗಳು. ಅ ಆ ಇ ಈ ಇಂದ ಹಿಡಿದು ಳ ತನಕ ಒಂದೇ ಉಸಿರಿಗೆ ಹೇಳುತ್ತಾಳೆ. ಆದರೆ ನಡುವೆ ಒಂದು ಅಕ್ಷರ ತೋರಿಸಿ ಇದೇನು ಅಂತ ಕೇಳಿದರೆ, ಮತ್ತೆ 'ಅ'ದಿಂದ ಶುರು ಮಾಡಿ ಬೆರಳು ಓಡಿಸಿಕೊಂಡು ಬಂದು ಅಲ್ಲಿ ನಿಲ್ಲುತ್ತಾಳೆ. ಲೆಕ್ಕವೂ ಹಾಗೇ. ಐವತ್ತರವರೆಗೆ ಬಾಯಿಪಾಠ. ಮೊನ್ನೆ ನೆಂಟರು ಬಂದಿದ್ದಾಗ ಆರು ಚಮಚ ತಗೊಂಡು ಬಾ ಅಂದೆ, ಎರಡೂ ಕೈಯಲ್ಲಿ ಹಿಡಿಯುವಷ್ಟು ತಂದು ಮುಂದಿಟ್ಟಳು.
ಶಾಲೆಯಲ್ಲಿ ದಿನಾ ಒಂದು ಪುಟ ತಿದ್ದಿಸುತ್ತಾರೆ, ಮನೆಗೆ ಇನ್ನೆರಡು ಪುಟ ಕೊಡುತ್ತಾರೆ. ಬರೆಯಲು ಕೂರಿಸಿದರೆ ಅಳು. ಮೊಬೈಲಿನಲ್ಲಿ ಒಂದು ಆಟ ಹಾಕಿಕೊಟ್ಟೆ, ಎಲ್ಲಾ ಬಟನ್ ಒತ್ತುತ್ತಾ ಹೋಗುತ್ತಾಳೆ, ಯಾವುದೋ ಒಂದು ಸರಿಯಾಗುತ್ತೆ, ಚಪ್ಪಾಳೆ ಸದ್ದು ಬರುತ್ತೆ, ಅಷ್ಟೇ. ದುಡ್ಡು ಕೊಟ್ಟು ತರುವ ಆಟಿಕೆ ಬೇಡ, ಮನೆಯಲ್ಲಿರುವ ಸಾಮಾನಿನಲ್ಲೇ ಏನಾದರೂ ಮಾಡಬಹುದಾ?

ಕೋಟೆಟೀಚರ್:
ಅಕ್ಕಾ, ನಾನು ಸರ್ಕಾರಿ ಶಾಲೆಯಲ್ಲಿ ಒಂದನೇ ತರಗತಿಗೆ ಕಲಿಸುತ್ತೇನೆ. ನಿಮ್ಮ ಮಗಳಿಗೆ ಗೊತ್ತಿರುವುದು ಹಾಡು, ಅಕ್ಷರ ಅಲ್ಲ. ಗಾಬರಿಯಾಗಬೇಡಿ, ಬಹಳ ಮಕ್ಕಳು ಹೀಗೇ ಬರುತ್ತಾರೆ.
49 ಅಕ್ಷರ ಒಟ್ಟಿಗೆ ಬೇಡ. ನಲಿ-ಕಲಿ ಗೊತ್ತಲ್ವಾ, ಸರ್ಕಾರಿ ಶಾಲೆಯಲ್ಲಿ ಚಿಕ್ಕ ತರಗತಿಗಳಿಗೆ ಆಟದ ಮೂಲಕ ಕಲಿಸುವ ಪದ್ಧತಿ, 1995ರಲ್ಲಿ ನಮ್ಮ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲೇ ಶುರುವಾಗಿದ್ದು. ಅದರಲ್ಲಿ ಅ ಆ ಇ ಈ ಸಾಲು ಹಿಡಿಯುವುದಿಲ್ಲ. ಮೊದಲಿಗೆ ರ, ಗ, ಸ, ದ, ಅ. ಐದೇ ಅಕ್ಷರ. ಕಾಗುಣಿತ ಬೇಡ, ಒತ್ತು ಬೇಡ, ಆದರೂ ಸರ, ದರ, ಅರಸ, ಅಗಸ, ಗರಗಸ ಎಲ್ಲಾ ಓದಬಹುದು. ಮೊದಲ ವಾರವೇ ಮಗು ಒಂದು ಪದ ಓದಿಬಿಟ್ಟರೆ ಅದರ ಮುಖ ನೋಡಬೇಕು ನೀವು. ಇವು ಬಂದ ಮೇಲೆ ಜ, ವ, ಮ, ಬ, ನ.
ನೀರಿನ ಬಾಟಲಿಯ ಹತ್ತು ಮುಚ್ಚಳ ತಗೊಳ್ಳಿ. ಒಂದೊಂದು ಅಕ್ಷರ ಎರಡೆರಡು ಮುಚ್ಚಳದ ಮೇಲೆ ಬರೆಯಿರಿ. ಎಲ್ಲಾ ಬೋರಲು ಹಾಕಿ, ಒಬ್ಬರಾದ ಮೇಲೆ ಒಬ್ಬರು ಎರಡು ಎತ್ತಿ ನೋಡಬೇಕು, ಜೋಡಿ ಸಿಕ್ಕಿದರೆ ಅಕ್ಷರದ ಹೆಸರು ಹೇಳಿ ಇಟ್ಟುಕೊಳ್ಳಬೇಕು. ಹೆಸರು ಹೇಳದಿದ್ದರೆ ಜೋಡಿ ವಾಪಸ್. ಈ ನಿಯಮ ಬಿಡಬೇಡಿ, ಇಲ್ಲದಿದ್ದರೆ ಅದು ಬರೀ ನೆನಪಿನ ಆಟ ಆಗುತ್ತೆ. ಎರಡು ದಿನ ಆದ ಮೇಲೆ ಅದೇ ಮುಚ್ಚಳ ಜೋಡಿಸಿ 'ಸರ' ಮಾಡಿಸಿ.
ಇನ್ನೊಂದು ಚಪ್ಪಾಳೆ ಆಟ. ಗ-ರ-ಗ-ಸ ಅಂತ ನಾಲ್ಕು ಚಪ್ಪಾಳೆ, ಸ-ರ ಅಂತ ಎರಡು. ಕನ್ನಡದಲ್ಲಿ ಈ ಪದಗಳಿಗೆ ಎಷ್ಟು ಚಪ್ಪಾಳೆಯೋ ಅಷ್ಟೇ ಮುಚ್ಚಳ ಬೇಕು. ಕಿವಿಗೆ ಕೇಳಿದ್ದೂ ಕಣ್ಣಿಗೆ ಕಂಡಿದ್ದೂ ಒಂದೇ ಅಂತ ಮಗುವಿಗೆ ಹೊಳೆಯುವುದು ಇಲ್ಲೇ.
ಬರವಣಿಗೆ ಸದ್ಯಕ್ಕೆ ತಟ್ಟೆಯಲ್ಲಿ ರವೆ ಹರಡಿ ಬೆರಳಲ್ಲಿ ಮಾಡಿಸಿ. ಪೆನ್ಸಿಲ್ ಹಿಡಿಯುವ ಬಲ ಆ ಬೆರಳಿಗೆ ಇನ್ನೂ ಬಂದಿರುವುದಿಲ್ಲ, ಅಳು ಅದಕ್ಕೂ ಇರಬಹುದು.

ಹುಣಸೆಬೀಜ:
ಲೆಕ್ಕದ ವಿಷಯ ನಾನು ಹೇಳುತ್ತೇನೆ ತಂಗಿ. ಬಾಯಲ್ಲಿ ಒಂದು ಎರಡು ಓಡುತ್ತೆ, ಕೈ ಅದರ ಜೊತೆ ಓಡಲ್ಲ. ಒಂದು ಸಂಖ್ಯೆಗೆ ಒಂದೇ ವಸ್ತು ಅನ್ನೋದು ಕೂತಿಲ್ಲ. ನಮ್ಮ ಅಜ್ಜಿ ಇದಕ್ಕೆ ಅಳಗುಳಿ ಮಣೆ ಆಡಿಸುತ್ತಿದ್ದರು, ಕರಾವಳಿ ಕಡೆ ಚೆನ್ನೆಮಣೆ ಅಂತಾರಲ್ಲ, ಅದೇ. ಸಾಲಿಗೆ ಏಳರಂತೆ 14 ಗುಳಿ. ಗುಳಿಗೆ ಒಂದೊಂದೇ ಬೀಜ ಬಿಡುತ್ತಾ ಹೋಗಬೇಕು, ಎರಡು ಬಿದ್ದರೆ ಆಟವೇ ಕೆಡುತ್ತೆ, ಹಾಗಾಗಿ ಮಗು ತಾನೇ ಹುಷಾರಾಗುತ್ತೆ.
ಮಣೆ ಇಲ್ಲದಿದ್ದರೆ ಪಡ್ಡಿನ ಹಂಚು ತಗೊಳ್ಳಿ! ನನ್ನ ಮೊಮ್ಮಗನಿಗೆ ಏಳು ಗುಳಿಯ ಹಂಚಿನಲ್ಲೇ ಆಡಿಸಿದ್ದು. ಮೊದಲು ಗುಳಿಗೆ ಒಂದು ಹುಣಸೆ ಬೀಜ ಹಾಕಿಸಿದೆ. ತುಂಬಿತು. ಎಲ್ಲಾ ಬಾಚಿ ಅವನ ಅಂಗೈಗೆ ಹಾಕಿ ಎಷ್ಟಿದೆ ಅಂದೆ. ಮತ್ತೆ ಒಂದರಿಂದ ಎಣಿಸಿದ, ಏಳು ಅಂದ. ಹಂಚಿಗೆ ವಾಪಸ್ ಹಾಕಿಸಿ ಮತ್ತೆ ಕೇಳಿದೆ. ಮತ್ತೆ ಎಣಿಸಿದ. ನಾಲ್ಕನೇ ಸಲವೋ ಐದನೇ ಸಲವೋ ಎಣಿಸದೆ, ಹಂಚು ನೋಡಿ, ಏಳೇ ತಾತ ಅಂದ. ಅವತ್ತಿಗೆ ಆಟ ಸಾಕು ಮಾಡಿದೆ.
ಆಮೇಲೆ ಚೌಕಾಬಾರಕ್ಕೆ ಬನ್ನಿ. ಕವಡೆ ಇಲ್ಲದಿದ್ದರೆ ನಾಲ್ಕು ಹುಣಸೆ ಬೀಜವನ್ನು ಒಂದು ಪಕ್ಕ ಕಲ್ಲಿಗೆ ತೇಯ್ದು ಬೆಳ್ಳಗೆ ಮಾಡಿ. ಎಷ್ಟು ಬಿಳಿ ಬಿತ್ತೋ ಅಷ್ಟು ಮನೆ ನಡೆಯಬೇಕು. ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕು ಮನೆ. ನಾಲ್ಕೂ ಕಪ್ಪು ಬಿದ್ದರೆ ಬಾರ, ಎಂಟು ಮನೆ. ಪಕ್ಕದಲ್ಲಿ ಚಿಕ್ಕ ಮಗು ಇದ್ದರೆ ಬೀಜದ ಬಗ್ಗೆ ಜೋಪಾನ, ಮೂಗಿಗೆ ತುರುಕಿಕೊಳ್ಳುತ್ತವೆ.

ಶರಾವತಿತೀರ:
ಟೀಚರ್ ಮಾತಿಗೆ ನನ್ನದೊಂದು ತಕರಾರು. ವರ್ಣಮಾಲೆ ಬಿಡಿಸಬೇಡಿ ದಯವಿಟ್ಟು. ಕ ಖ ಗ ಘ ಙ ಗಂಟಲ ಹತ್ತಿರ, ಪ ಫ ಬ ಭ ಮ ತುಟಿಯಲ್ಲಿ, ಇಷ್ಟು ಅಚ್ಚುಕಟ್ಟಾದ ಸಾಲನ್ನು ಚಿಕ್ಕಂದಿನಲ್ಲೇ ಬಾಯಿಗೆ ಹಾಕಿದ್ದು ನಮಗೆ ನಿಘಂಟು ನೋಡುವಾಗಲೂ ಉಪಯೋಗಕ್ಕೆ ಬಂತು.

ಕೋಟೆಟೀಚರ್:
ಬಿಡಿಸಿ ಅಂತ ನಾನು ಹೇಳಿಲ್ಲ ಸರ್. ಹಾಡು ಹಾಡಿನ ಪಾಡಿಗೆ ಇರಲಿ, ಸ್ನಾನ ಮಾಡಿಸುವಾಗ ಹೇಳಿಸಲಿ. ಓದು ಕಲಿಸುವಾಗ ಮಾತ್ರ ಐದು ಸಾಕು ಅಂದೆ.

ಪುಟ್ಟಿಅಮ್ಮ (ಎರಡು ವಾರ ಆದ ಮೇಲೆ):
ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಹಂಚಿನ ಆಟ ದಿನಾ ಬೇಕು ಈಗ. ಊಟಕ್ಕೆ ತಟ್ಟೆ ಹಾಕುವ ಕೆಲಸ ಅವಳಿಗೇ ಕೊಟ್ಟಿದ್ದೇನೆ, ನಾವು ಐದು ಜನ, ಅಪ್ಪ ಊರಲ್ಲಿ ಇಲ್ಲದ ದಿನ ತಾನೇ ನಾಲ್ಕು ಹಾಕಿದಳು. ನಾನು ಹೇಳಿರಲಿಲ್ಲ! ಮುಚ್ಚಳದಲ್ಲಿ 'ಸರ' ಜೋಡಿಸಿ ಅಜ್ಜಿಯ ಕೊರಳಿನ ಸರಕ್ಕೆ ತಾಗಿಸಿ ಇಟ್ಟಳು. ಶಾಲೆಯ ಮಿಸ್ ಹತ್ತಿರ ಮಾತಾಡಿದೆ, ಮನೆಗೆ ಒಂದು ಪುಟ ಸಾಕು ಅಂತ ಒಪ್ಪಿದರು.
ಒಂದೇ ತೊಂದರೆ, ವ ಮತ್ತು ಮ ಅದಲು ಬದಲು ಮಾಡುತ್ತಾಳೆ.

ಕೋಟೆಟೀಚರ್:
ಆ ಎರಡನ್ನೂ ಒಂದೇ ದಿನ ಕೊಟ್ಟಿರಾ? ಒಂದು ವಾರ ಮ ಎತ್ತಿಡಿ, ವ ಒಂದೇ ಇರಲಿ. ಆಮೇಲೆ ರವೆಯಲ್ಲಿ ನೀವೇ ವ ಬರೆದು, ಅದಕ್ಕೆ ಬಾಲ ಹಚ್ಚುವ ಕೆಲಸ ಅವಳಿಗೆ ಕೊಡಿ. ಬಾಲ ಬಂದರೆ ಮ. ಪ ಬಂದಾಗಲೂ ಹೀಗೇ, ಅದರ ಹೊಟ್ಟೆಯೊಳಗೆ ಗೆರೆ ಎಳೆದರೆ ಷ. ತಾನೇ ಎಳೆದ ಗೆರೆ ಮಕ್ಕಳು ಮರೆಯುವುದು ಕಡಿಮೆ.