ಎಚಿಂಗ್‌ನಲ್ಲಿ ಅಜ್ಜಿ, ಮೊಮ್ಮಗಳು ಅಪರಿಚಿತರಂತೆ ಕಾಣ್ತಿದ್ದಾರೆ, ಏನು ಮಾಡಲಿ?

ತಾಮ್ರದತಗಡು: ಎಚಿಂಗ್ ಅಂದರೆ ಲೋಹದ ತಗಡಿನಲ್ಲಿ ಗೆರೆ ಕೊರೆದು, ಮಸಿ ತುಂಬಿ ಅಚ್ಚು ತೆಗೆಯುವ ಚಿತ್ರ. ನನ್ನದು ತಾಮ್ರದ ಪ್ಲೇಟ್, ಮೇಲೆ ಹಾರ್ಡ್ ಗ್ರೌಂಡ್ (ದ್ರಾವಣ ತಾಗದಂತೆ ತಡೆಯುವ ಲೇಪ), ಗೆರೆ ಕೊರೆಯಲು ಫೆರಿಕ್ ಕ್ಲೋರೈಡ್ ದ್ರಾವಣ. ಅಜ್ಜಿಯ ಭುಜಕ್ಕೆ ಮೊಮ್ಮಗಳು ಒರಗಿ ಕೂತ ಚಿತ್ರ. ಮುಖದ ಹೋಲಿಕೆ ಚೆನ್ನಾಗಿ ಬಂದಿದೆ. ಆದರೆ ಪ್ರೂಫ್ (ಪರೀಕ್ಷೆಯ ಅಚ್ಚು) ತೆಗೆದರೆ ಎರಡು ಫೋಟೊ ಕತ್ತರಿಸಿ ಪಕ್ಕಪಕ್ಕ ಅಂಟಿಸಿದ ಹಾಗಿದೆ. ಸಲುಗೆಯೇ ಇಲ್ಲ. ನೆರಳು ಇನ್ನೂ ಗಾಢ ಮಾಡಲಾ?

ಗೆರೆಗಾರ: ಭುಜ ತಾಗುವ ಕಡೆ ಇಬ್ಬರಿಗೂ ಹೊರಗೆರೆ ಪೂರ್ತಿ ಎಳೆದಿದ್ದೀರಾ? ಇಡೀ ಪ್ಲೇಟನ್ನು ಒಂದೇ ಸಲ ದ್ರಾವಣದಲ್ಲಿ ಕೊರೆಯಲು ಬಿಟ್ಟಿರಾ?

ತಾಮ್ರದತಗಡು: ಎರಡಕ್ಕೂ ಹೌದು.

ಗೆರೆಗಾರ: ಹಾಗಾದರೆ ನೆರಳು ಗಾಢ ಮಾಡಿ ಪ್ರಯೋಜನವಿಲ್ಲ. ಎಲ್ಲ ಗೆರೆಗೂ ಒಂದೇ ಆಳ ಇದ್ದರೆ ಒಂದೇ ಅಳತೆಯ ಮಸಿ ಹಿಡಿದು ಇಬ್ಬರಿಗೂ ಒಂದೇ ತೂಕ ಬರುತ್ತದೆ, ನಡುವಿನ ಹೊರಗೆರೆ ಗೋಡೆಯಾಗುತ್ತದೆ.

ಡಚ್ ಕಲಾವಿದ ರೆಂಬ್ರಾಂಟ್ 1636ರಲ್ಲಿ ಮಾಡಿದ, ತಾನೂ ಹೆಂಡತಿ ಸಾಸ್ಕಿಯಾಳೂ ಇರುವ ಎಚಿಂಗನ್ನು ದೊಡ್ಡದು ಮಾಡಿ ನೋಡಿ. ಅಂಗೈಯಗಲದ ಚಿತ್ರ. ಮುಂದೆ ಟೋಪಿ ಹಾಕಿಕೊಂಡು ಚಿತ್ರ ಬರೆಯುತ್ತಿರುವ ಅವನು, ಗಟ್ಟಿ ದಟ್ಟ ಗೆರೆಗಳಲ್ಲಿ. ಹಿಂದೆ ಕೂತ ಸಾಸ್ಕಿಯಾ ಚಿಕ್ಕದಾಗಿ, ತೆಳು ಗೆರೆಗಳಲ್ಲಿ. ಮದುವೆಯಾಗಿ ಎರಡು ವರ್ಷವಾಗಿತ್ತು. ಒಬ್ಬರನ್ನೊಬ್ಬರು ನೋಡುತ್ತಲೂ ಇಲ್ಲ. ಆದರೂ ಅವನು ಕೆಲಸದಲ್ಲಿದ್ದಾನೆ, ಅವಳು ಜೊತೆಗಿದ್ದಾಳೆ ಅನ್ನುವುದು ಗೆರೆಯ ತೂಕದಲ್ಲೇ ಗೊತ್ತಾಗುತ್ತದೆ. ನನಗೆ ಅಷ್ಟು ಇಷ್ಟವಾದ ದಂಪತಿ ಚಿತ್ರ ಇನ್ನೊಂದಿಲ್ಲ.

ಹೊಸ ಪ್ಲೇಟ್ ಬೇಡ. ಭುಜದ ನಡುವಿನ ಹೊರಗೆರೆಯನ್ನು ಸ್ಕ್ರೇಪರ್‌ನಿಂದ ಕೆರೆದು ಬರ್ನಿಶರ್‌ನಿಂದ ಉಜ್ಜಿ. ಮತ್ತೆ ಗ್ರೌಂಡ್ ಹಾಕಿ, ಅಜ್ಜಿಯ ಸೆರಗಿನಿಂದ ಹುಡುಗಿಯ ತೋಳಿನವರೆಗೆ ಒಂದೇ ದಿಕ್ಕಿನ ಗೆರೆಗಳನ್ನು ತಡೆಯದೆ ಎಳೆಯಿರಿ. ಇಬ್ಬರ ಮೇಲೂ ಬಿದ್ದ ಒಂದೇ ನೆರಳು ಅದು. ಸ್ವಲ್ಪ ಕೊರೆದ ಮೇಲೆ ಹುಡುಗಿಯ ಭಾಗಕ್ಕೆ, ಅಲ್ಲಿ ದ್ರಾವಣ ಮತ್ತೆ ತಾಗದಂತೆ, ಸ್ಟಾಪ್‌ಔಟ್ ವಾರ್ನಿಶ್ ಬಳಿದು, ಅಜ್ಜಿಯ ಗೆರೆಗಳನ್ನು ಮಾತ್ರ ಇನ್ನಷ್ಟು ಆಳಕ್ಕೆ ಬಿಡಿ.

ಕರಿಮಸಿ: ಒಪ್ಪುತ್ತೇನೆ, ಆದರೆ ಹೊರಗೆರೆ ಯಾವಾಗಲೂ ಗೋಡೆಯಲ್ಲ. ಜರ್ಮನ್ ಕಲಾವಿದೆ ಕೇಟೆ ಕೋಲ್ವಿಟ್ಸ್ 1903ರಲ್ಲಿ ಮಾಡಿದ, ಸತ್ತ ಮಗುವನ್ನು ಅವುಚಿಕೊಂಡ ತಾಯಿಯ ಎಚಿಂಗ್ ನೋಡಿ. ತಾನೇ, ತನ್ನ ಮಗ ಪೀಟರನೇ ಮಾದರಿ. ತಾಯಿಯ ಕೈಕಾಲಿಗೆ ಒರಟು ಗಟ್ಟಿ ಗೆರೆ. ಅವಳ ಮುಖ ಮಗುವಿನ ಎದೆಯಲ್ಲಿ ಹುದುಗಿದೆ. ಆ ಗೆರೆ ಬೇರ್ಪಡಿಸುವುದಿಲ್ಲ, ಹಿಡಿದುಕೊಳ್ಳುತ್ತದೆ. ಹಾಗಾಗಿ ಅಜ್ಜಿಯ ಕೈ ಹುಡುಗಿಯನ್ನು ಬಳಸಿದ್ದರೆ ಆ ಬೆರಳುಗಳ ಗೆರೆ ಅಳಿಸಬೇಡಿ, ಇನ್ನೂ ಆಳ ಮಾಡಿ. ಭುಜದ ಗೆರೆ ಮಾತ್ರ ಹೋಗಲಿ.

ತಾಮ್ರದತಗಡು: ಭುಜದ ಗೆರೆ ತೆಗೆದೆ. ಈಗ ಹೊಸ ಪ್ರೂಫ್‌ನಲ್ಲಿ ಆ ಜಾಗದಲ್ಲಿ ಬೂದು ಮಚ್ಚೆ!

ಗೆರೆಗಾರ: ಕೆರೆದ ಜಾಗ ತಗ್ಗಾಗಿ ಮಸಿ ಹಿಡಿಯುತ್ತಿದೆ. ಪ್ಲೇಟ್ ತಿರುವಿ ಹಾಕಿ, ಹಿಂಬದಿಯಿಂದ ಮೆಲ್ಲಗೆ ತಟ್ಟಿ ಮೇಲೆತ್ತಿ, ಮತ್ತೆ ಉಜ್ಜಿ. ಆದರೆ ಆ ಮಚ್ಚೆ ಇಬ್ಬರ ಮೇಲೂ ಹರಡಿದ್ದರೆ ಅವಸರ ಮಾಡಬೇಡಿ. ಹೊಸ ಗೆರೆಗಳ ಅಡಿಯಲ್ಲಿ ಅದೇ ನೆರಳಾಗಿ ಉಳಿಯಬಹುದು. ಮೊದಲು ಪ್ರೂಫ್ ಮೇಲೆ ಪೆನ್ಸಿಲ್‌ನಿಂದ ಗೆರೆ ಎಳೆದು ನೋಡಿ.