ಅರ್ಮೇನಿಯನ್ ಭಾಷಾದಾಗ ಎರಡು 'ರ' ಅದಾವಂತ, ಹೆಂಗ್ ಗುರ್ತು ಹಿಡೀಬೇಕ್ರಿ?

ಕೊಪ್ಪಳದ ಮಾವ:
ನಮ್ಮ ಅಕ್ಕನ ಮಗ ಅರ್ಮೇನಿಯಾದ ರಾಜಧಾನಿ ಯೆರೆವಾನ್‌ದಾಗ ಎಂಬಿಬಿಎಸ್ ಓದಾಕತ್ತಾನ. ನಿನ್ನೆ ವಿಡಿಯೋ ಕಾಲ್‌ನಾಗ ಅಲ್ಲಿ ಅಕ್ಷರಮಾಲೆ ತೋರ್ಸಿದ, ಒಟ್ಟು 39, ಅದ್ರಾಗ ರ ಎರಡು, ಒಂದರ ಹೆಸ್ರು 'ರಾ' ಇನ್ನೊಂದರದು 'ರೆ'. ಕ್ಲಾಸಿನಾಗ 'ಈ ಪದಕ್ಕ ಅರ್ಥ ಏನು' ಅಂತ ಕೇಳಾಕ ಹೋಗಿ 'ಈ ಬಾರ್‌ಗೆ ಅರ್ಥ ಏನು' ಅಂದುಬಿಟ್ಟಾನ, ಕುಡಿಯೋ ಬಾರು, ಎಲ್ಲಾರೂ ಬಿದ್ದುಬಿದ್ದು ನಕ್ಕರಂತ. ನನಗಂತೂ ಎರಡೂ ಒಂದ ಕೇಳಸ್ತಾವ.

ರಾಯಚೂರ್ ಬಿಸಿಲು:
'ರೆ' ಅಂದ್ರ ನಮ್ಮ ರ, ನಾಲಿಗಿ ಒಂದ ಸಲ ತಾಕಿ ಬರತದ. 'ರಾ'ದಾಗ ನಾಲಿಗಿ ತುದಿ ನಡಗಬೇಕು, ಹುಡುಗ್ರು ಟ್ರ್ಯಾಕ್ಟರ್ ಆಟ ಆಡಾಗ ಡರ್ರ್ರ್ ಅಂತಾರಲ್ಲ ಹಂಗ. ಅವನ ನೋಟ್ಸಿನಾಗ ಅದಕ್ಕ ನಮ್ಮ ಹಳೇ ಱ ಬರಕೊಳ್ಳಾಕ ಹೇಳ್ರಿ: ಬಾಱ್ ಅಂದ್ರ ಪದ, ಬಾರ್ ಅಂದ್ರ ಬಾರು. ಸಾರ್ ಅಂದ್ರ ಗುಡ್ಡ, ಸಾಱ್ ಅಂತ ಶುರು ಆಗೋ ಪದ ಅಂದ್ರ ತಂಪಿಗೆ ಸಂಬಂಧಪಟ್ಟದ್ದು. ಸುಮಾರು 405ರಾಗ ಮೆಸ್ರೊಪ್ ಮಾಷ್ಟೊಟ್ಸ್ ಮೊದಲಿನ 36 ಅಕ್ಷರ ಮಾಡಿದಾಗಿಂದ ಎರಡೂ ಅದಾವ.

ನಮ್ಮಲ್ಲೂ ಇತ್ತು ಬಿಡ್ರಿ, ಅಱಿ ಅಂದ್ರ ತಿಳಿ, ಅರಿ ಅಂದ್ರ ಕತ್ತರಿಸು. ಇಟಗಿ ಮಹಾದೇವ ಗುಡಿ ಕಟ್ಟಿದ್ದು 1112ರಾಗ, ಆ ಕಾಲದ ಶಾಸನ ನೋಡಿದ್ರ ಱ ಸಿಗತದ.

ಬಳ್ಳಾರಿ ಹುಡುಗಿ:
ಱ ಬರೆಯೋದು ಓಕೆ, ಆದ್ರೆ ಹಳಗನ್ನಡದೋರು ಹೆಂಗ್ ಅಂತಿದ್ರು ಕೇಳೋಕೆ ಅವರೀಗ ಇಲ್ವಲ್ಲ. ನಮ್ಮೂರಲ್ಲಿ ತೆಲುಗು ಮಾತಾಡೋರೂ ಗುಱ್ಱಂ ಅಂತ ಹಳೇ ಪುಸ್ತಕದಲ್ಲಿ ನೋಡಿರ್ತಾರೆ ಅಷ್ಟೇ, ಬಾಯಲ್ಲಿ ಎಲ್ಲಾ ಒಂದೇ ರ. ಜೀವಂತ ಕೇಳಬೇಕಂದ್ರೆ ಪಕ್ಕದ ಆಸ್ಪತ್ರೆಲಿರೋ ಕೇರಳದ ನರ್ಸಿಗೆ ಕರ, ಕಱ ಅನ್ನೋಕೆ ಹೇಳಿ, ಮಲಯಾಳಂನಲ್ಲಿ ಒಂದು ದಡ ಇನ್ನೊಂದು ಬಟ್ಟೆ ಮೇಲಿನ ಕಲೆ. ಅರ್ಮೇನಿಯನ್ನಿನ ನಡುಕ ಅದಕ್ಕಿಂತ ಜಾಸ್ತಿನೇ, ಆದ್ರೆ ಕಿವಿ ತೆರೀತದೆ.

ಇನ್ನೊಂದು, ಯೂಟ್ಯೂಬಲ್ಲಿ ಪಶ್ಚಿಮ ಅರ್ಮೇನಿಯನ್ ವಿಡಿಯೋ ನೋಡಿ ಕಲಿಬೇಡ ಅನ್ನಿ, ಬೈರೂತ್ ಕಡೆಯೋರದು. ಅವ್ರಲ್ಲಿ ಬಹಳ ಜನ ಎರಡು ರನೂ ಕಲಸಿಬಿಟ್ಟಿದಾರೆ, ಮೇಲಾಗಿ ಪ ಇದ್ದಲ್ಲಿ ಬ, ಯೆರೆವಾನಿನ ಪೆಟ್ರೋಸ್ ಅಲ್ಲಿ ಬೆದ್ರೋಸ್.

ಕೊಪ್ಪಳದ ಮಾವ:
ಈಗಷ್ಟ ವಾಯ್ಸ್ ಕಳ್ಸಿದ, ಬಾಱ್ ಬಾಱ್ ಅಂತ ಹತ್ತು ಸಲ. ನಮ್ಮವ್ವ ಕೇಳಿ, ಹೊರಗ ಟಂಟಂ ಬಂತೇನ್ ನೋಡಪ ಅಂದಳು.